ರಾಣಿಯರ ಕಡತ

ಶರಾವತಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರದ ಕಾಡುಗಳನ್ನು ಹಾದು, ಸಾಗರದ ಅಂಚಿನಲ್ಲಿ ಜೋಗದ ಬಂಡೆಯಿಂದ ಧುಮುಕಿ, ಗೇರುಸೊಪ್ಪೆಯ ಬಳಿ ಬಯಲಿಗಿಳಿಯುತ್ತದೆ. ಈ ಹೊಳೆಯ ಸೀಮೆಯಲ್ಲಿ ಸುಮಾರು ಇನ್ನೂರು ವರ್ಷಗಳೊಳಗೆ ಮೂವರು ಹೆಂಗಸರು ರಾಜ್ಯವಾಳಿದರು: ಗೇರುಸೊಪ್ಪೆಯ ಚೆನ್ನಭೈರಾದೇವಿ, ಕೆಳದಿಯ ಚೆನ್ನಮ್ಮಾಜಿ, ಬಿದನೂರಿನ ವೀರಮ್ಮಾಜಿ. ಮೂವರ ಆಳ್ವಿಕೆಯನ್ನೂ ಕೂಡಿಸಿದರೆ ಎಂಬತ್ತು ವರ್ಷಗಳಿಗೂ ಮೇಲಾಗುತ್ತದೆ. ಇಷ್ಟು ಸಣ್ಣ ಸೀಮೆಗೆ ಇದು ಕಡಮೆ ಲೆಕ್ಕವಲ್ಲ.

ಈ ಲೆಕ್ಕವನ್ನು ಈಗ ತೆಗೆದುದಕ್ಕೆ ಕಾರಣವುಂಟು. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಹೆಣ್ಣುಮಕ್ಕಳು ಇಂದು ಎಂಜಿನಿಯರಿಂಗ್ ಓದಿ ಬೆಂಗಳೂರಿಗೆ ಹೋಗುತ್ತಾರೆ. ಅವರಲ್ಲಿ ಕೆಲವರಿಗಾದರೂ ಇನ್ನೊಬ್ಬರ ಕೈಕೆಳಗೆ ದುಡಿಯುವ ಬದಲು ತಾವೇ ಒಂದು ಕಂಪನಿ ಕಟ್ಟಬೇಕೆಂಬ ಹಂಬಲವುಂಟು. ಸ್ಟಾರ್ಟಪ್ ಎಂಬ ಮಾತು ಈಗ ಮಲೆನಾಡಿನ ಜಗಲಿಗಳಲ್ಲಿಯೂ ಕೇಳಿಬರುತ್ತದೆ. ವಾರ್ಷಿಕೋತ್ಸವದ ವೇದಿಕೆಗಳಿಂದ ಈ ಹುಡುಗಿಯರಿಗೆ ಸಿಗುವ ಉಪದೇಶ ಒಂದೇ: ಕೆಳದಿಯ ಚೆನ್ನಮ್ಮನಂತಾಗಿರಿ. ಒಳ್ಳೆಯ ಮಾತೇ ಸರಿ. ಆದರೆ ಏನು ಮಾಡಿದರೆ ಚೆನ್ನಮ್ಮನಂತಾದ ಹಾಗೆ? ವೇದಿಕೆಯ ಚೆನ್ನಮ್ಮನ ಕೈಯಲ್ಲಿ ಕತ್ತಿಯಿದೆ. ಎದುರಿಗೆ ಔರಂಗಜೇಬನ ಸೈನ್ಯವಿದೆ. ಕಂಪನಿ ಕಟ್ಟಹೊರಟವಳಿಗೆ ಬೇಕಾದದ್ದು ಬಂಡವಾಳ, ಸಾಲ ಕೊಡುವವನ ನಂಬಿಕೆ, ಕೆಲಸಗಾರರ ವಿಶ್ವಾಸ, ಸರಕಿಗೆ ತಕ್ಕ ಬೆಲೆ. ಕತ್ತಿಯಿಂದ ಇವು ಯಾವುವೂ ದೊರೆಯವು.

ನನಗೆ ತೋರುವ ಮಟ್ಟಿಗೆ, ಈ ರಾಣಿಯರು ಮಾಡಿದ ನಿಜವಾದ ಕೆಲಸವೂ ಇವೇ ಆಗಿದ್ದುವು. ನಾವು ಅವರ ಕತ್ತಿಯನ್ನು ಉಳಿಸಿಕೊಂಡು ಕಡತವನ್ನು ಕಳೆದುಕೊಂಡೆವು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಾಡಿ, ಬಳಪದಿಂದ ಲೆಕ್ಕ ಬರೆದಿಡುತ್ತಿದ್ದ ಪುಸ್ತಕವೇ ಕಡತ. ನಮ್ಮ ಕಚೇರಿಗಳ ಫೈಲಿಗೆ ಆ ಹೆಸರು ಇಂದಿಗೂ ಉಳಿದಿದೆ.

ಮೊದಲು ಚೆನ್ನಭೈರಾದೇವಿಯ ಮಾತು. 1552ರಿಂದ 1606ರವರೆಗೆ, ಐವತ್ತನಾಲ್ಕು ವರ್ಷ, ಆಕೆ ಆಳಿದಳು. ಘಟ್ಟದ ಮೇಲಿನ ಮೆಣಸು ಆಕೆಯ ಸೀಮೆಯ ಮೂಲಕವೇ ಹೊನ್ನಾವರದ ಕಡಲಿಗೆ ಇಳಿಯಬೇಕಾಗಿತ್ತು. ಪೋರ್ತುಗೀಸರು ಆಕೆಯೊಡನೆ ಕಾದಿದರು, ವ್ಯಾಪಾರವನ್ನೂ ಮಾಡಿದರು. ಕೊನೆಗೆ ‘ಕಾಳುಮೆಣಸಿನ ರಾಣಿ’ ಎಂದು ಹೆಸರಿಟ್ಟರು. ಕೊಳ್ಳುವವನೇ ಮಾರುವವಳಿಗೆ ಕೊಟ್ಟ ಬಿರುದು ಇದು. ಸರಕಿನ ಮೇಲೆ ಹಿಡಿತವಿಲ್ಲದವರಿಗೆ ಇಂಥ ಬಿರುದು ಬರುವುದಿಲ್ಲ. ಕಡೆಗೆ ಕೆಳದಿಯ ವೆಂಕಟಪ್ಪನಾಯಕನು ಆಕೆಯ ರಾಜ್ಯವನ್ನು ಗೆದ್ದುಕೊಂಡನು. ಆಕೆ ಕೆಳದಿಯವರ ಸೆರೆಯಲ್ಲಿ ತೀರಿಕೊಂಡಳೆಂದು ಹೇಳುತ್ತಾರೆ.

ಇದಾದ ಹದಿನೇಳು ವರ್ಷಗಳಿಗೆ, 1623ರಲ್ಲಿ, ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬಾತನು ಪೋರ್ತುಗೀಸ್ ರಾಯಭಾರಿಯೊಡನೆ ಗೇರುಸೊಪ್ಪೆಯ ದಾರಿಯಾಗಿ ಘಟ್ಟ ಹತ್ತಿ ಇಕ್ಕೇರಿಗೆ ಬಂದನು. ಪಟ್ಟಣ ಕಾಡು ಬೆಳೆದು ಹಾಳಾಗಿತ್ತು. ಅಲ್ಲಿ ಆತನ ಕಿವಿಗೆ ಬಿದ್ದ ಕಥೆಯೇನು? ರಾಣಿಯು ಕೀಳು ಕುಲದ ಪರದೇಶಿಯೊಬ್ಬನಲ್ಲಿ ಅನುರಕ್ತಳಾದಳು, ಅದರಿಂದ ರಾಜ್ಯ ಹೋಯಿತು ಎಂಬುದು. ಐವತ್ತನಾಲ್ಕು ವರ್ಷಗಳ ಆಡಳಿತ, ಮೆಣಸಿನ ಮೂಟೆ, ಬಂದರಿನ ಸುಂಕ, ಪೋರ್ತುಗೀಸರೊಡನೆ ನಡೆದ ಜಗ್ಗಾಟ ಎಲ್ಲವೂ ಎರಡು ದಶಕ ತುಂಬುವುದರೊಳಗೆ ಒಂದು ಪ್ರಣಯದ ಕಥೆಯಾಗಿ ಕರಗಿಹೋಗಿತ್ತು.

ಈಗ ಘಟ್ಟದ ಮೇಲೆ ಬರೋಣ. ಕೆಳದಿಯ ಅರಸರ ರಾಜಧಾನಿ ಕೆಳದಿಯಿಂದ ಇಕ್ಕೇರಿಗೂ, ಇಕ್ಕೇರಿಯಿಂದ ಬಿದನೂರಿಗೂ ಸಾಗಿತು. ಮೊದಲೆರಡು ಇಂದಿನ ಸಾಗರ ತಾಲ್ಲೂಕಿನವು. ಬಿದನೂರು ಹೊಸನಗರ ತಾಲ್ಲೂಕಿನ ನಗರ. ಬಿದನೂರಿನಲ್ಲಿ ಆಳುತ್ತಿದ್ದ ಸೋಮಶೇಖರನಾಯಕನು ಮತಿಭ್ರಮೆಗೊಳಗಾಗಿ ಕೊಲೆಯಾದಾಗ, 1671-72ರ ಸುಮಾರಿಗೆ, ಪತ್ನಿ ಚೆನ್ನಮ್ಮಾಜಿ ಅಧಿಕಾರ ವಹಿಸಿಕೊಂಡಳು. ಆಕೆ ಅರಸುಕುಲದ ಮಗಳಲ್ಲ, ವರ್ತಕರ ಮನೆಯ ಮಗಳು. ಬಿಜಾಪುರದ ಸೇನೆ ಮೇಲೆ ಬಿದ್ದಿತು, ಆಸ್ಥಾನದೊಳಗೆ ಒಳಸಂಚುಗಳಿದ್ದುವು. ಆಕೆ ಬಿದನೂರನ್ನು ಬಿಟ್ಟು ತೀರ್ಥಹಳ್ಳಿಯ ಕಡೆಯ ಭುವನಗಿರಿ ದುರ್ಗಕ್ಕೆ, ಎಂದರೆ ಈಗಿನ ಕವಲೇದುರ್ಗಕ್ಕೆ, ಹಿಂದೆ ಸರಿದಳು. ಅಲ್ಲಿ ನಂಬುಗೆಯವರನ್ನು ಕೂಡಿಸಿಕೊಂಡು ರಾಜ್ಯವನ್ನು ಮರಳಿ ಹಿಡಿದಳು. ಕೈಯಲ್ಲಿರುವುದನ್ನು ಉಳಿಸಿಕೊಳ್ಳಲು ಒಂದು ಹೆಜ್ಜೆ ಹಿಂದಿಡಬೇಕೆಂಬ ವಿವೇಕವನ್ನು ವರ್ತಕರ ಮಗಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಆಮೇಲಿನ ಕಾಲು ಶತಮಾನದಲ್ಲಿ ಆಕೆ ಮಾಡಿದ ಕೆಲಸಗಳಲ್ಲಿ ನಮ್ಮ ನಾಲಗೆಯ ಮೇಲಿರುವುದು ಒಂದು: 1689ರಲ್ಲಿ ಮೊಗಲರಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತು, ಜಿಂಜಿಯ ಕಡೆಗೆ ದಾಟಿಸಿದುದು. ಅದು ದೊಡ್ಡದೇ. ಆದರೆ ಮೊಗಲರ ಸೈನ್ಯವನ್ನು ತಡೆಯುವುದಕ್ಕೆ ಖಜಾನೆಯಲ್ಲಿ ಹಣ ಎಲ್ಲಿಂದ ಬಂದಿತು? ಆಕೆಯ ಮಾವನ ತಲೆಮಾರಿನ ಶಿವಪ್ಪನಾಯಕನು ಜಮೀನುಗಳನ್ನು ತರಗತಿಯಾಗಿ ವಿಂಗಡಿಸಿ, ಹನ್ನೆರಡು ವರ್ಷಗಳ ಬೆಳೆಯ ಲೆಕ್ಕವಿಡಿಸಿ, ಸರಾಸರಿಯ ಮೇಲೆ ಕಂದಾಯ ಗೊತ್ತುಮಾಡಿದ್ದನು. ಅದೇ ಪ್ರಸಿದ್ಧವಾದ ‘ಶಿಸ್ತು’. ಕಟ್ಟಿದವನ ಹೆಸರು ನಮಗೆ ಗೊತ್ತು. ಕಟ್ಟಿದ್ದು ಕುಸಿಯದಂತೆ ಇಪ್ಪತ್ತೈದು ವರ್ಷ ನಡೆಸಿದವಳ ಹೆಸರನ್ನು ಆ ಸಂದರ್ಭದಲ್ಲಿ ಯಾರೂ ಎತ್ತುವುದಿಲ್ಲ. ಗೋವೆಯ ಪೋರ್ತುಗೀಸರಿಗೆ ಕೆನರಾದ ಅಕ್ಕಿಯಿಲ್ಲದೆ ಊಟವಿರಲಿಲ್ಲ. 1678ರಲ್ಲಿ ಅವರೊಡನೆ ಆದ ಕೌಲು ಆಕೆಯ ಕಾಲದ್ದು. ಬಂದರು, ವ್ಯಾಪಾರ, ಇಗರ್ಜಿ ಕಟ್ಟುವ ಅನುಮತಿ, ಒಂದೊಂದನ್ನೂ ಕುಳಿತು ಮಾತನಾಡಿ ಗೊತ್ತುಮಾಡಿದ ಬರಹ ಅದು. ರಾಜಾರಾಮನ ಪ್ರಸಂಗವನ್ನು ನಾಟಕವಾಗಿ ಆಡಬಹುದು, ಕೌಲನ್ನು ಆಡುವುದು ಕಷ್ಟ. ಹಾಗೆಂದು ಕೌಲು ಕಡಮೆಯದೇ?

ಮೂರನೆಯವಳು ವೀರಮ್ಮಾಜಿ. 1757ರಿಂದ 1763ರವರೆಗೆ ಬಿದನೂರನ್ನು ಆಳಿದಳು. ಹೈದರಾಲಿ ಬಿದನೂರನ್ನು ಹಿಡಿದನು. ಆಕೆ ಬಲ್ಲಾಳರಾಯನ ದುರ್ಗಕ್ಕೆ ಹೋಗಿ ಅಲ್ಲಿ ಸಿಕ್ಕಿಬಿದ್ದು ಮಧುಗಿರಿಯಲ್ಲಿ ಸೆರೆಯಾದಳು. 1767ರಲ್ಲಿ ಮರಾಠರು ಬಿಡಿಸಿದರು; ಪುಣೆಯ ದಾರಿಯಲ್ಲಿ ತೀರಿಕೊಂಡಳು. ಈಕೆಯನ್ನು ಕುರಿತು ಗೆದ್ದವರ ಕಡೆಯಿಂದಲೂ ಇಂಗ್ಲಿಷ್ ಬರಹಗಾರರಿಂದಲೂ ನಮಗೆ ಬಂದ ಕಥೆ ಯಾವುದು? ಮತ್ತೆ ಅದೇ, ಪರಪುರುಷನ ಕಥೆ. ಅದರ ಜೊತೆಯಲ್ಲೇ ವಿಲ್ಕ್ಸ್ ಎಂಬ ಇತಿಹಾಸಕಾರನು ಇನ್ನೊಂದು ಮಾತನ್ನೂ ಬರೆದಿಟ್ಟಿದ್ದಾನೆ: ತನ್ನ ಮುಂದಿನ ಏಳಿಗೆಗೆಲ್ಲ ಬಿದನೂರಿನ ಗೆಲುವೇ ತಳಹದಿಯೆಂದು ಹೈದರನು ಎಣಿಸುತ್ತಿದ್ದನಂತೆ. ಗೆದ್ದವನ ಏಳಿಗೆಗೆ ತಳಹದಿಯಾಗುವಷ್ಟು ಸಂಪತ್ತುಳ್ಳ ಪಟ್ಟಣವನ್ನು ಆರು ವರ್ಷ ಕಾಯ್ದುಕೊಂಡಿದ್ದವಳು ಬರಿಯ ವಿಲಾಸಿನಿಯಾಗಿದ್ದಳೆ? ಈ ಪ್ರಶ್ನೆಯನ್ನು ವಾಚಕರ ಮುಂದೆ ಇಟ್ಟು ನಾನು ಮುಂದೆ ಹೋಗುತ್ತೇನೆ.

ಎರಡು ರಾಜ್ಯಗಳು, ನೂರೈವತ್ತು ವರ್ಷಗಳ ಅಂತರ. ಕಥೆ ಮಾತ್ರ ಒಂದೇ ಅಚ್ಚು. ಗಂಡು ಸೋತರೆ ಕಾಲ ಕೆಟ್ಟಿತು ಎನ್ನುತ್ತಾರೆ. ಹೆಣ್ಣು ಸೋತರೆ ಶೀಲ ಕೆಟ್ಟಿತು ಎನ್ನುತ್ತಾರೆ. ಗೆದ್ದರೆ ಕತ್ತಿ, ಸೋತರೆ ಕಳಂಕ. ಎರಡರಲ್ಲಿಯೂ ಲೆಕ್ಕದ ಪುಸ್ತಕಕ್ಕೆ ಜಾಗವಿಲ್ಲ. ಇದು ಹಳೆಯ ಮಾತಾಯಿತೆಂದು ತಿಳಿಯಬೇಡಿ. ಹುಡುಗನೊಬ್ಬನ ಕಂಪನಿ ಮುಚ್ಚಿದರೆ ‘ಮಾರುಕಟ್ಟೆ ಸರಿಯಿರಲಿಲ್ಲ, ಅನುಭವ ಬಂತು, ಇನ್ನೊಂದು ಕಟ್ಟುತ್ತಾನೆ’ ಎನ್ನುವ ಬಂಧುಗಳೇ, ಹುಡುಗಿಯ ಕಂಪನಿ ಮುಚ್ಚಿದರೆ ‘ಮದುವೆಯ ವಯಸ್ಸಿನಲ್ಲಿ ಇದೆಲ್ಲ ಯಾಕೆ ಬೇಕಿತ್ತು’ ಎನ್ನುವುದನ್ನು ನಾವು ಕೇಳುತ್ತಲೇ ಇದ್ದೇವೆ.

ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಕೆಳದಿಯ ಮನೆತನದ ಈ ಇಬ್ಬರೂ ಪಟ್ಟಕ್ಕೆ ಬಂದ ಬಾಗಿಲು ಯಾವುದು? ಇಬ್ಬರೂ ವಿಧವೆಯರು, ಇಬ್ಬರ ಪಕ್ಕದಲ್ಲಿಯೂ ದತ್ತು ತೆಗೆದುಕೊಂಡ ಗಂಡುಮಗುವೊಂದು ಇರಬೇಕಾಯಿತು. ಇದೇ ಇಕ್ಕೇರಿಯಲ್ಲಿ ದೆಲ್ಲಾ ವಾಲ್ಲೆ ಸಹಗಮನಕ್ಕೆ ಹೊರಟಿದ್ದ ಹೆಂಗಸೊಬ್ಬಳನ್ನು ಕಂಡು, ಬೇಡವೆಂದು ತನ್ನಿಂದಾದಷ್ಟು ಹೇಳಿನೋಡಿದ್ದನು. ಅದಾದ ಐವತ್ತು ವರ್ಷಗಳೊಳಗೆ ಅದೇ ರಾಜ್ಯದಲ್ಲಿ ಒಬ್ಬ ವಿಧವೆ ಸಿಂಹಾಸನವೇರಿದಳು. ಆದರೆ ಆ ಬಾಗಿಲು ಆಕೆಗೆ ಮಾತ್ರ ತೆರೆಯಿತು; ಆಕೆಯ ಹಿಂದೆಯೇ ಮುಚ್ಚಿಕೊಂಡಿತು.

ನಮ್ಮ ಕಾಲದಲ್ಲಿ ಆ ಬಾಗಿಲನ್ನು ಕಾನೂನಿನಿಂದ ತೆರೆಯಲು ನೋಡಿದ್ದೇವೆ. 2013ರ ಕಂಪನಿ ಕಾಯಿದೆಯ ಪ್ರಕಾರ ಷೇರುಪೇಟೆಯಲ್ಲಿ ನೋಂದಾಯಿಸಿದ ಪ್ರತಿಯೊಂದು ಕಂಪನಿಯ ಆಡಳಿತ ಮಂಡಲಿಯಲ್ಲಿ ಒಬ್ಬ ಮಹಿಳೆಯಾದರೂ ಇರಲೇಬೇಕು. ಹಲವು ಕಂಪನಿಗಳು ಮಾಲೀಕರ ಹೆಂಡತಿಯನ್ನೋ ಮಗಳನ್ನೋ ಕೂರಿಸಿ ಕಾಯಿದೆಗೆ ನಮಸ್ಕಾರ ಹಾಕಿದುವು. ನೆಂಟಸ್ತಿಕೆಯಿಂದ ಬಂದ ಪೀಠದ ಮೇಲೂ ಸಮರ್ಥರು ಕೂರಬಹುದು, ಚೆನ್ನಮ್ಮಾಜಿಯೇ ಅದಕ್ಕೆ ಸಾಕ್ಷಿ. ಆದರೆ ಪೀಠವನ್ನು ತಾನೇ ಮಾಡಿಕೊಳ್ಳಬೇಕಾದ ಹುಡುಗಿಗೆ ಅದರಿಂದ ದಾರಿ ತಿಳಿಯದು.

ದಾರಿ ತಿಳಿಯುವುದು ಕಡತ ಉಳಿದಿರುವ ಕಡೆ. ನಂಜನಗೂಡಿನ ಕಡೆಯವರಾದ ರಾಜೇಶ್ವರಿ ಚಟರ್ಜಿಯವರು 1940ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ, ಅಮೆರಿಕದ ಮಿಷಿಗನ್‌ನಲ್ಲಿ ಓದಿ, 1953ರಲ್ಲಿ ಮರಳಿ ಬಂದು ಮೈಕ್ರೋವೇವ್ ವಿದ್ಯೆಯನ್ನು ಇಲ್ಲಿ ಬೇರೂರಿಸಿದರು. ಕಿರಣ್ ಮಜುಂದಾರ್ ಅವರು 1978ರಲ್ಲಿ ಬೆಂಗಳೂರಿನ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಹತ್ತು ಸಾವಿರ ರೂಪಾಯಿಯ ಮೂಲಧನದಿಂದ ಬಯೋಕಾನ್ ಆರಂಭಿಸಿದಾಗ, ಸಾಲ ಕೊಡಲು ಬ್ಯಾಂಕುಗಳು ಹಿಂಜರಿದುವು. ಹೆಂಗಸಿನ ಕೈಕೆಳಗೆ ಕೆಲಸಕ್ಕೆ ಬರಲು ಗಂಡಸರು ಹಿಂಜರಿದರು. ಮೊದಲ ಸರಕುಗಳಲ್ಲಿ ಪರಂಗಿಹಣ್ಣಿನ ಹಾಲಿನಿಂದ ತೆಗೆಯುವ ಪಪೇನ್ ಒಂದು. ಈ ವಿವರಗಳನ್ನು ಅವರೇ ಹೇಳಿಕೊಂಡಿದ್ದರಿಂದ ನಮಗೆ ತಿಳಿದಿವೆ. 1981ರಲ್ಲಿ ಇನ್ಫೋಸಿಸ್‌ಗೆ ಮೊದಲ ಹತ್ತು ಸಾವಿರ ಕೊಟ್ಟವರು, ತಾವೇ ಎಂಜಿನಿಯರಾಗಿದ್ದ ಸುಧಾ ಮೂರ್ತಿಯವರು. ಸ್ಥಾಪಕರೆಂದು ಹೆಸರಾದ ಏಳು ಮಂದಿಯೂ ಗಂಡಸರು. ಆ ಹತ್ತು ಸಾವಿರದ ಮಾತು ಹೊರಬಾರದೆ ಇದ್ದಿದ್ದರೆ ಅದೂ ಕಳೆದುಹೋದ ಕಡತಗಳ ಸಾಲಿಗೆ ಸೇರುತ್ತಿತ್ತು.

ಸಾಗರ ಸೀಮೆಯಲ್ಲಿಯೇ ಒಂದು ನಿದರ್ಶನವುಂಟು. ಹೆಗ್ಗೋಡಿನ ಬಳಿ 1990ರ ದಶಕದಲ್ಲಿ ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ ‘ಚರಕ’ ಎಂಬ ಮಹಿಳಾ ಸಹಕಾರ ಸಂಘ ಹುಟ್ಟಿತು. ಹಳ್ಳಿಯ ಹೆಂಗಸರು ಮಗ್ಗದಲ್ಲಿ ನೇಯ್ದು, ಅಡಿಕೆ ಬೇಯಿಸಿ ಉಳಿದ ಚೊಗರಿನಂಥ ಸಹಜ ಬಣ್ಣಗಳನ್ನು ಕಟ್ಟಿ, ಪೇಟೆಗೆ ಕಳಿಸಿದರು. 2020ರಲ್ಲಿ ಬಟ್ಟೆ ಮಾರಾಟವಾಗದೆ ಉಳಿದಾಗ, ಸಂಘವು ತನ್ನ ದಿವಾಳಿ ಸ್ಥಿತಿಯನ್ನು ತಾನೇ ಬಹಿರಂಗವಾಗಿ ಸಾರಿತು. ಇದನ್ನು ನಾನು ಸೋಲಿನ ಕಥೆಯೆಂದು ಹೇಳುತ್ತಿಲ್ಲ. ಹೆಂಗಸರ ಒಂದು ಸಂಸ್ಥೆಯ ಕಷ್ಟ ಈ ಸೀಮೆಯಲ್ಲಿ ಕಳಂಕದ ಮಾತಾಗಿ ಅಲ್ಲ, ದಾಸ್ತಾನಿನ ಲೆಕ್ಕವಾಗಿ ಜನರ ಮುಂದೆ ಬಂದಿತು ಎಂಬುದು ಸಣ್ಣ ಸಂಗತಿಯಲ್ಲ.

ಆದುದರಿಂದ ನನ್ನ ಸೂಚನೆ ಸರಳವಾದದ್ದು. ಚೆನ್ನಮ್ಮಾಜಿಯ ಪ್ರತಿಮೆಗಳಿರಲಿ, ಕೈಯಲ್ಲಿ ಕತ್ತಿಯೂ ಇರಲಿ. ಜೊತೆಗೆ ಮೂರು ತಾಲ್ಲೂಕುಗಳ ಶಾಲೆಗಳಲ್ಲಿ 1678ರ ಕೌಲನ್ನೂ ಶಿಸ್ತಿನ ಲೆಕ್ಕವನ್ನೂ ಓದಿಸಲಿ. ಬೆಂಗಳೂರಿನಲ್ಲಿ ಕಂಪನಿ ಕಟ್ಟಿದ ಊರಿನ ಹೆಣ್ಣುಮಗಳನ್ನು ಸನ್ಮಾನಕ್ಕೆ ಕರೆದಾಗ, ಹಾರ ಶಾಲುಗಳು ಮುಗಿದ ಮೇಲೆ ಅರ್ಧ ಗಂಟೆ ಬಿಟ್ಟುಕೊಟ್ಟು ಕೇಳೋಣ: ಮೊದಲ ಹಣ ಯಾರು ಕೊಟ್ಟರು, ಯಾರು ಕೊಡಲಿಲ್ಲ, ಎರಡನೆಯ ವರ್ಷದ ನಷ್ಟವನ್ನು ಹೇಗೆ ತುಂಬಿಕೊಂಡಿರಿ? ಮುಂದಿನ ಸಾಲಿನಲ್ಲಿ ಕುಳಿತ ಹುಡುಗಿ ಚಪ್ಪಾಳೆ ತಟ್ಟುವುದನ್ನು ಬಿಟ್ಟು ಬರೆದುಕೊಳ್ಳತೊಡಗುವುದು ಆಗಲೇ.