ನಂಬಿದವರು, ನಂಬದವರು, ನಂಬಿಗಸ್ತರು

ನಂಬದವನು ನಂಬಿದವನನ್ನು ನಂಬಬಹುದೇ? ನಾಲಿಗೆ ತೊಡರಿಸುವ ಮಕ್ಕಳ ಆಟದಂತೆ ಕೇಳುವ ಈ ಪ್ರಶ್ನೆ ದೊಡ್ಡವರದು. ದೇವರೇ ಇಲ್ಲ ಎನ್ನುವವನೊಬ್ಬ, ಏಸುವೇ ರಕ್ಷಕ ಎಂದುಕೊಂಡಿರುವ ಪಕ್ಕದ ಮನೆಯವನ ಮಾತನ್ನು, ಲೆಕ್ಕವನ್ನು, ಸಹಾಯವನ್ನು ನಂಬುವುದು ಹೇಗೆ? ದೇವರಿಗೊಂದು, ದಲ್ಲಾಳಿಗೊಂದು ಎಂದು ಕನ್ನಡ ಎರಡು ಕ್ರಿಯಾಪದ ಇಟ್ಟುಕೊಂಡಿಲ್ಲ. ಇಬ್ಬರನ್ನೂ ‘ನಂಬು’ವುದೇ. ಗೊಂದಲ ಅಲ್ಲಿಂದಲೇ ಶುರು. ಬಿಡಿಸಿಕೊಳ್ಳುವ ದಾರಿಯೂ ಅದೇ ಪದದ ಮನೆತನದಲ್ಲಿದೆ.

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಈ ಪದಕ್ಕೆ ದಿನವಿಡೀ ದುಡಿಮೆ. ‘ತೋಟ ನಂಬ್ಕೊಂಡು ಇದೀವಿ’ ಎಂದರೆ ಅಲ್ಲಿ ನಂಬುವುದು ಎಂದರೆ ಬದುಕಿನ ಆಸರೆ. ‘ಮಳೆ ನಂಬಿ ರಾಗಿ ಚೆಲ್ಲಿದ್ವಿ’ ಎಂದರೆ ಅದು ಮುಕ್ಕಾಲು ಪಾಲು ಜೂಜು. ‘ನಂಬಿಸಿ ಕತ್ತು ಕುಯ್ದ’ ಎಂದರೆ ನ್ಯಾಯಪಂಚಾಯಿತಿಗೆ ಹೊರಟಿದ್ದಾರೆ ಎಂದರ್ಥ. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ ಕಟ್ಟಿದಾಗ, ಜನ ಖರೀದಿ ಸಂಸ್ಥೆ ‘ನಾಫೆಡ್ ನಂಬ್ಕೊಂಡು’ ನೋಂದಣಿಯ ಸಾಲಿನಲ್ಲಿ ರಾತ್ರಿ ಕಳೆದರು. ಸರ್ಕಾರ ಮಾತ್ರ ರೈತನ ಬಾಯಿಮಾತು ನಂಬದೆ ಹೆಬ್ಬೆಟ್ಟು ಒತ್ತಿಸಿಕೊಂಡಿತು.

ಇವೆಲ್ಲದರ ನಡುವೆ ಗಟ್ಟಿಯಾಗಿ ಕೂತಿರುವ ಪದ ‘ನಂಬಿಗಸ್ತ’. ಊರ ಬಾಯಲ್ಲಿ ‘ನಂಬಿಕಸ್ತ’. ‘ಅವನು ನಂಬಿಕಸ್ತ ಕಣಯ್ಯ, ಬೀಗದ ಕೈ ಕೊಟ್ಟು ಹೋಗು’ ಎನ್ನುವಾಗ, ಅವನು ಯಾವ ದೇವರನ್ನು ನಂಬುತ್ತಾನೆ ಎಂದು ಯಾರೂ ಹೇಳುತ್ತಿಲ್ಲ. ಅವನನ್ನು ನಾಲ್ಕು ಜನ ನಂಬಿದ್ದಾರೆ ಎಂದಷ್ಟೇ ಹೇಳುತ್ತಿದ್ದಾರೆ. ನಂಬಿಕೆ ಅವನವನ ಒಳಗಿನ ಸಂಗತಿ, ನಂಬಿಗಸ್ತಿಕೆ ಬೇರೆಯವರ ಕೈಲಿರುವ ಖಾತೆ. ‘ನಾನು ದೇವರನ್ನು ನಂಬಿದವನು’ ಎಂದು ಯಾರು ಬೇಕಾದರೂ ಹೇಳಿಕೊಳ್ಳಬಹುದು. ‘ನಾನು ನಂಬಿಗಸ್ತ’ ಎಂದು ತಾನೇ ಎದೆ ತಟ್ಟಿಕೊಂಡರೆ ಮಾತ್ರ ಕೇಳಿದವರು ಒಮ್ಮೆ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ.

ನಂಬಿಗಸ್ತಿಕೆಯ ಈ ಪಾಠವನ್ನು ಈ ಸೀಮೆಗೆ ಕಲಿಸಿರುವುದು ಕೊಬ್ಬರಿಯೇ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿದರೆ ಒಳಗಿನ ನೀರು ಇಂಗಿ ಗಿಟುಕಾಗಲು 8ರಿಂದ 11 ತಿಂಗಳು ಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸದ್ದು ಗೊತ್ತಾಗುತ್ತದೆ, ಬಣ್ಣ ಗೊತ್ತಾಗುವುದಿಲ್ಲ. ಹರಾಜಿನ ದಿನ ಎಪಿಎಂಸಿ ಪ್ರಾಂಗಣದಲ್ಲಿ ಪಳಗಿದ ಖರೀದಿದಾರ ಚೀಲದ ಬಾಯಲ್ಲಿ ಮೆರೆಯುವ ಕೊಬ್ಬರಿಗೆ ಮರುಳಾಗುವುದಿಲ್ಲ. ಮೊಳಕೈವರೆಗೂ ಕೈ ಇಳಿಸಿ, ತಳದಿಂದ ಒಂದನ್ನು ಎತ್ತಿ, ಮೂಸಿ, ಒಡೆದು ನೋಡುತ್ತಾನೆ: ಒಳಗೆ ಬೆಳ್ಳಗಿದೆಯೋ, ಕಮಟು ಹಿಡಿದಿದೆಯೋ. ತಂದವನ ಹಣೆಯ ಮೇಲೆ ವಿಭೂತಿಯಿದೆಯೋ, ನಾಮವಿದೆಯೋ, ಕತ್ತಿನಲ್ಲಿ ಶಿಲುಬೆಯಿದೆಯೋ ಎಂಬುದರಿಂದ ದರ ಏರುವುದಿಲ್ಲ, ಇಳಿಯುವುದೂ ಇಲ್ಲ. ವರ್ಷವರ್ಷವೂ ಒಬ್ಬನ ಮಾಲು ತಳದವರೆಗೂ ಒಂದೇ ತೆರನಾಗಿ ಸಿಕ್ಕರೆ, ಒಂದು ದಿನ ಖರೀದಿದಾರ ಕೈ ಇಳಿಸುವುದನ್ನೇ ಬಿಡುತ್ತಾನೆ. ಆ ದಿನ ರೈತ ನಂಬಿಗಸ್ತನಾದ.

ಕನ್ನಡ ಬೈಬಲು ಇದೇ ಪದವನ್ನು ಎತ್ತಿಕೊಂಡಿದೆ. ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಯಜಮಾನನೊಬ್ಬ ಆಳುಗಳ ಕೈಗೆ ಹಣ ಕೊಟ್ಟು ಪರದೇಶಕ್ಕೆ ಹೋಗುತ್ತಾನೆ. ಬಹಳ ಕಾಲದ ಮೇಲೆ ಬಂದು ಲೆಕ್ಕ ಕೇಳುತ್ತಾನೆ. ಹಣ ಬೆಳೆಸಿದವರನ್ನು ಅವನು ನಂಬಿಗಸ್ತರು ಎಂದು ಕರೆಯುವುದು ಲೆಕ್ಕ ಒಪ್ಪಿಸಿದ ಮೇಲೆ, ಮೊದಲಲ್ಲ. ಕೊಬ್ಬರಿ ಪೇಟೆಯ ವ್ಯಾಕರಣ ಸುವಾರ್ತೆಯಲ್ಲೂ ಬದಲಾಗಿಲ್ಲ.

ಈ ನಾಡಿನಲ್ಲಿ ಪಾದ್ರಿಗಳ ಲೆಕ್ಕವನ್ನು ಜನ ಒಪ್ಪಿಸಿಕೊಂಡ ಬಗೆ ನೋಡಿ. ಮೈಸೂರು ಸೀಮೆಯಲ್ಲಿ ಬಾಳಿದ ಫ್ರೆಂಚ್ ಪಾದ್ರಿ ಅಬೆ ದುಬೋಯ್ ದೇಶೀ ಉಡುಪು ತೊಟ್ಟು, ಮಾಂಸ ಬಿಟ್ಟು ಇದ್ದವನು. ಜನ ‘ದೊಡ್ಡಸ್ವಾಮಿ’ ಎನ್ನುತ್ತಿದ್ದರು. ಸಿಡುಬೆಂದರೆ ಅಮ್ಮನ ಸಿಟ್ಟು ಎಂದು ನಡುಗುತ್ತಿದ್ದ ಕಾಲದಲ್ಲಿ, 1803–04ರಲ್ಲಿ, ಅವನ ಮುತುವರ್ಜಿಯಿಂದ ಸುಮಾರು 25 ಸಾವಿರ ಮಂದಿಗೆ ದೇವಿ ಹಾಕಲಾಯಿತು. ತೋಳು ಒಡ್ಡಿದವರಲ್ಲಿ ಅವನ ದೇವರನ್ನು ಒಪ್ಪಿದವರು ಎಷ್ಟಿದ್ದಾರು! ಹಿಂದೂಗಳನ್ನು ಕ್ರೈಸ್ತರಾಗಿಸುವುದು ಹೆಚ್ಚುಕಡಿಮೆ ಆಗದ ಕೆಲಸ ಎಂದು ಅವನೇ 1823ರಲ್ಲಿ ಅಚ್ಚು ಹಾಕಿಸಿದ. ಇಷ್ಟೆಲ್ಲ ನೇರವಿದ್ದ ಮನುಷ್ಯ ಹಿಂದೂ ಆಚಾರ ವಿಚಾರಗಳ ಬಗ್ಗೆ ತನ್ನದೆಂದು ಈಸ್ಟ್ ಇಂಡಿಯಾ ಕಂಪನಿಗೆ ಮಾರಿದ ಹಸ್ತಪ್ರತಿ ಬಹುಪಾಲು ಅವನಿಗಿಂತ ಹಿಂದಿನ ಜೆಸ್ವಿತ್ ಪಾದ್ರಿ ಕೂರ್ದೂನ ಬರಹ ಎಂಬುದನ್ನು ಸಿಲ್ವಿಯಾ ಮೂರ್ ಎಂಬ ವಿದ್ವಾಂಸೆ 1987ರಲ್ಲಿ ತೋರಿಸಿಕೊಟ್ಟರು. ಒಬ್ಬನೇ ಮನುಷ್ಯ, ಒಂದೇ ಶಿಲುಬೆ. ದೇವಿ ಹಾಕಿಸುವುದರಲ್ಲಿ ನಂಬಿಗಸ್ತ, ಹಸ್ತಪ್ರತಿಯಲ್ಲಿ ಅಲ್ಲ.

ತಿಪಟೂರು ಸೀಮೆಯ ಮೂರೂ ತಾಲ್ಲೂಕುಗಳಿಗೆ ನೆರೆಯಾದ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ 1830ರ ದಶಕದ ಕೊನೆಗೆ ನೆಲೆಯೂರಿದರು. 1839ರಲ್ಲಿ ಬಂದ ವಿಲಿಯಂ ಆರ್ಥರ್ ಕಣ್ಣಿನ ತೊಂದರೆಯಿಂದ ಎರಡು ವರ್ಷಕ್ಕೇ ಊರಿಗೆ ಮರಳಿ, 1847ರಲ್ಲಿ ಮೈಸೂರು ಸೀಮೆಯ ಮಿಷನ್ ಬಗ್ಗೆ ಪುಸ್ತಕ ಬರೆದರು. ಇವರು ಬಂದದ್ದು ಮತ ಸಾರಲು, ಅದನ್ನು ಮುಚ್ಚಿಡಲಿಲ್ಲ. ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ ಕೂಡ ಅದಕ್ಕೇ ಬಂದವರು. ಆದರೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಜೈನರ, ವೀರಶೈವರ, ಬ್ರಾಹ್ಮಣರ ಕಾವ್ಯಗಳ ಪದಗಳೂ ಸಾವಿರಾರು ಗಾದೆಗಳೂ ತಮ್ಮ ತಮ್ಮ ಅರ್ಥದಲ್ಲೇ ನಿಂತಿವೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯನವರ ಪೀಳಿಗೆಯ ವಿದ್ವಾಂಸರಿಗೆ ಅದು ಕೈಯಳತೆಯ ಪುಸ್ತಕ. ಇಂದಿಗೂ ನಾಸ್ತಿಕನೊಬ್ಬ ಪದದ ಬಗ್ಗೆ ಜಗಳ ಬಂದರೆ ‘ಕಿಟ್ಟೆಲ್ ಏನಂತಾನೆ ನೋಡು’ ಎನ್ನುತ್ತಾನೆ. ಪಾದ್ರಿ ಏನಂದ ನೋಡು ಎನ್ನುವುದಿಲ್ಲ.

ಇಷ್ಟಾದರೂ ಅನುಮಾನಕ್ಕೆ ಕಾರಣವಿಲ್ಲದೆ ಇಲ್ಲ, ಮತ್ತು ಅದರಲ್ಲಿ ಪದಗಳ ಪಾತ್ರ ಸಣ್ಣದಲ್ಲ. ಚರ್ಚಿನ ಕನ್ನಡದಲ್ಲಿ ಒಳಗಿನವರು ‘ವಿಶ್ವಾಸಿಗಳು’, ಹೊರಗಿನವರು ‘ಅವಿಶ್ವಾಸಿಗಳು’. ಹೇಳುವವರಿಗೆ ಅದು ಬರಿಯ ಗುರುತು. ಊರಿನವರಿಗೆ ಮಾತ್ರ ವಿಶ್ವಾಸವೆಂದರೆ ಒಲವು: ‘ವಿಶ್ವಾಸದಿಂದ ಮಾತಾಡಿಸಿದ್ರು’, ‘ನಿಮ್ಮ ವಿಶ್ವಾಸ ಹೀಗೇ ಇರಲಿ’. ಅವಿಶ್ವಾಸವೆಂದರೆ ಪಂಚಾಯಿತಿ ಅಧ್ಯಕ್ಷರನ್ನು ಇಳಿಸುವ ಗೊತ್ತುವಳಿ. ಹೀಗಾಗಿ ಅವಿಶ್ವಾಸಿ ಎನಿಸಿಕೊಂಡವನಿಗೆ ತನ್ನ ನಿಯತ್ತಿನ ಮೇಲೇ ಕಲ್ಲು ಬಿದ್ದಂತಾಗುತ್ತದೆ. ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ, ನಂಬದವರ ಜೊತೆ ನೊಗ ಹಂಚಿಕೊಳ್ಳಬೇಡಿ ಎಂಬ ಬುದ್ಧಿಮಾತಿಗೆ ಕನ್ನಡ ಬೈಬಲು ಬಳಸಿದ ಪದ ‘ಇಜ್ಜೋಡು’, ಅಂದರೆ ಹೊಂದದ ಜೋಡಿ. ಹಳ್ಳಿಕಾರ್ ಎತ್ತು ಕಟ್ಟಿದವರ ನಾಡಿಗೆ ಆ ಪದವನ್ನು ಬಿಡಿಸಿ ಹೇಳಬೇಕಿಲ್ಲ. ‘ನನ್ನನ್ನು ಇಜ್ಜೋಡು ಎನ್ನುವವನ ಜೊತೆ ನಾನು ಪಾಲು ವ್ಯವಹಾರ ಮಾಡಲೇ?’ ಎಂದು ನಂಬದವನು ಕೇಳಿದರೆ ಅದು ಕೊಂಕಲ್ಲ, ನ್ಯಾಯವಾದ ಪ್ರಶ್ನೆ. ಅದೇ ಪೌಲ ಅದೇ ಊರಿನವರಿಗೆ ಬರೆದ ಮೊದಲ ಪತ್ರದಲ್ಲಿ, ನಂಬದ ಹೆಂಡತಿ ಜೊತೆಯಲ್ಲಿರಲು ಒಪ್ಪಿದರೆ ಅವಳನ್ನು ಬಿಡಬೇಡ ಎಂದೂ ಹೇಳಿದ್ದಾನೆ. ಇವೆರಡರಲ್ಲಿ ನೆರೆಯವನು ಯಾವುದರಂತೆ ಬಾಳುತ್ತಾನೆ ಎಂಬುದು ಅವನ ಮನೆಯಲ್ಲಿರುವ ಪುಸ್ತಕದಿಂದ ತಿಳಿಯುವುದಿಲ್ಲ, ನಡತೆಯಿಂದ ತಿಳಿಯುತ್ತದೆ.

ಅನುಮಾನ ಪದಗಳಲ್ಲೇ ನಿಲ್ಲುವುದಿಲ್ಲ, ಮತಾಂತರದ ಭಯವೂ ಅದರಲ್ಲಿದೆ. ಹುಳಿಯಾರು ದಾಟಿದರೆ ಸಿಗುವ ಹೊಸದುರ್ಗವೂ ತೆಂಗಿನ ಸೀಮೆಯೇ. ಅಲ್ಲಿನ ಅಂದಿನ ಶಾಸಕ ಗೂಳಿಹಟ್ಟಿ ಶೇಖರ್ ತಮ್ಮ ತಾಯಿಯನ್ನೇ ಕ್ರೈಸ್ತ ಮತಕ್ಕೆ ಮತಾಂತರ ಮಾಡಲಾಗಿದೆ ಎಂದು 2021ರ ಸೆಪ್ಟೆಂಬರಿನಲ್ಲಿ ವಿಧಾನಸಭೆಯಲ್ಲಿ ಹೇಳಿದರು. ಆ ತಾಲ್ಲೂಕಿನ ತಹಶೀಲ್ದಾರರ ಸಮೀಕ್ಷೆಯಲ್ಲಿ ಬಲವಂತದ ಮತಾಂತರ ಕಂಡುಬರಲಿಲ್ಲ. 2022ರಲ್ಲಿ ಬಂದ ರಾಜ್ಯದ ಮತಾಂತರ ತಡೆ ಕಾಯ್ದೆ ‘ಆಮಿಷ’ ಎಂಬ ಪದದೊಳಗೆ ಧಾರ್ಮಿಕ ಸಂಸ್ಥೆಯ ಶಾಲೆಯ ಉಚಿತ ಶಿಕ್ಷಣವನ್ನೂ ತುಂಬಿತು. 2023ರ ಜೂನಿನಲ್ಲಿ ಮುಂದಿನ ಸರ್ಕಾರದ ಸಂಪುಟ ಅದನ್ನು ಹಿಂಪಡೆಯುವ ತೀರ್ಮಾನ ಮಾಡಿತು. ಕಾಯ್ದೆ ಹೋಗಬಹುದು, ಬರಬಹುದು, ಅನುಮಾನದ ಬೇರು ಬೇರೆ ಕಡೆ ಇದೆ. ಮತ ಸಾರುವವನನ್ನು ಕಂಡು ಊರು ಅಷ್ಟಾಗಿ ಹೆದರುವುದಿಲ್ಲ. ಹೆದರಿಕೆ ಇರುವುದು, ಅಕ್ಕಿ ಕೊಡುವಾಗ ಹೇಳದ್ದನ್ನು ಅಕ್ಕಿ ಉಂಡ ಮೇಲೆ ಹೇಳಿಯಾರು ಎಂಬಲ್ಲಿ. ಇದು ಚರ್ಚಿಗಷ್ಟೇ ಅಂಟಿದ ದೋಷವೂ ಅಲ್ಲ. ವೋಟಿಗೆ ಮುಂಚೆ ಸೀರೆ ಹಂಚುವವರೂ ಇದೇ ಶಾಲೆಯವರು.

ಪ್ರಶ್ನೆಯನ್ನು ತಿರುಗಿಸಿದರೆ ಇನ್ನೊಂದು ಚರಿತ್ರೆ ತೆರೆಯುತ್ತದೆ. ಯುರೋಪಿನಲ್ಲಿ ಬಹುಕಾಲ ಅಪನಂಬಿಕೆ ಇದ್ದದ್ದು ನಾಸ್ತಿಕನ ಮೇಲೆ. ಪರಮತ ಸಹಿಷ್ಣುತೆಯ ಬಗ್ಗೆ 1689ರಲ್ಲಿ ಅಚ್ಚಾದ ಪತ್ರದಲ್ಲಿ ತತ್ವಜ್ಞಾನಿ ಜಾನ್ ಲಾಕ್ ಕೂಡ, ಆಣೆಗೆ ಕಟ್ಟುಬೀಳದ ನಾಸ್ತಿಕನಿಗೆ ಸಹನೆ ಸಲ್ಲದು ಎಂದ. ಚಾರ್ಲ್ಸ್ ಬ್ರ್ಯಾಡ್ಲಾ ಎಂಬ ನಾಸ್ತಿಕ 1880ರಲ್ಲಿ ಇಂಗ್ಲೆಂಡಿನ ಸಂಸತ್ತಿಗೆ ಗೆದ್ದು ಬಂದರೂ ಪ್ರಮಾಣವಚನದ ತಕರಾರಿನಲ್ಲಿ ವರ್ಷಗಟ್ಟಲೆ ಹೊರಗುಳಿಯಬೇಕಾಯಿತು. 1888ರ ಕಾಯ್ದೆ ಬಂದ ಮೇಲೆ ದೇವರ ಹೆಸರಿಲ್ಲದ ಪ್ರತಿಜ್ಞೆಗೆ ಎಲ್ಲರಿಗೂ ಅವಕಾಶವಾಯಿತು. ಆದರೆ ಆ ಬಾಗಿಲನ್ನು ಮೊದಲು ತೆರೆಸಿದವರು ಕ್ವೇಕರರು, ಅಂದರೆ ಕಟ್ಟಾ ಕ್ರೈಸ್ತರು. ಆಣೆಯನ್ನೇ ಇಡಬೇಡಿ, ಹೌದೆಂದರೆ ಹೌದಾಗಿರಲಿ ಎಂಬ ಸುವಾರ್ತೆಯ ಮಾತಿಗೆ ಅಂಟಿಕೊಂಡು ಸೆರೆಮನೆ ಕಂಡ ಅವರಿಗೆ 1696ರಲ್ಲೇ ಆಣೆಯಿಲ್ಲದ ಪ್ರತಿಜ್ಞೆಯ ಹಕ್ಕು ಸಿಕ್ಕಿತ್ತು. ನಮ್ಮ 1969ರ ಪ್ರಮಾಣ ಕಾಯ್ದೆಯಲ್ಲೂ ಆ ಅವಕಾಶವಿದೆ. ತುಮಕೂರಿನ ಕೋರ್ಟಿನಲ್ಲಿ ನಾಸ್ತಿಕ ಸಾಕ್ಷಿಯೊಬ್ಬ ದೇವರ ಹೆಸರೆತ್ತದೆ ಪ್ರತಿಜ್ಞೆ ಮಾಡಿದರೆ, ಆ ಸವಲತ್ತಿನ ಹಿಂದೆ ದೇವರನ್ನು ಅತಿಯಾಗಿ ನಂಬಿದವರ ಹಟವಿದೆ.

ನಂಬದವರಿಗೂ ನಂಬಿಗಸ್ತರೆಂಬ ಹೆಸರು ಸಿಗುವುದು ಇದೇ ದಾರಿಯಲ್ಲಿ. ಬೆಂಗಳೂರಿನ ನ್ಯಾಷನಲ್ ಕಾಲೇಜಿನ ವಿಚಾರವಾದಿ ಎಚ್. ನರಸಿಂಹಯ್ಯ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡ ಪರೀಕ್ಷಿಸಲು ಸಮಿತಿ ಕಟ್ಟಿ ದೊಡ್ಡ ದೊಡ್ಡವರ ಸಿಟ್ಟು ಕಟ್ಟಿಕೊಂಡವರು. ಆದರೂ ಹರಕೆ ಹೊತ್ತ ತಾಯ್ತಂದೆಯರೇ ಮಕ್ಕಳನ್ನು ತಂದು ಅವರ ಕಾಲೇಜಿಗೆ ಸೇರಿಸಿದರು.

ಹಾಗಾದರೆ ನಂಬಬಹುದೇ? ನಂಬಬಹುದು, ಆಯಾ ಕೆಲಸದ ಮಟ್ಟಿಗೆ, ಆಯಾ ಮನುಷ್ಯನ ಲೆಕ್ಕ ನೋಡಿ. ಏಸುವನ್ನು ನಂಬಿದ್ದಾನೆ ಎಂದು ಒಂದು ಅಂಕ ಹೆಚ್ಚು ಕೊಡುವುದೂ ಬೇಡ, ಒಂದು ಕಳೆಯುವುದೂ ಬೇಡ. ಸಹಾಯದ ಕೈ ಚಾಚಿದ ಕ್ರೈಸ್ತನನ್ನು ಒಂದು ಪ್ರಶ್ನೆ ಕೇಳುವ ಹಕ್ಕು ನಂಬದವನಿಗಿದೆ: ‘ನಾನು ನಿಮ್ಮ ಪ್ರಾರ್ಥನೆಗೆ ಎಂದೂ ಬರದಿದ್ದರೂ ಇದು ಉಂಟಾ ಸ್ವಾಮಿ?’ ತಿರುಗಿ ಕೇಳುವ ಹಕ್ಕು ಆ ಕ್ರೈಸ್ತನಿಗೂ ಇದೆ: ‘ನನ್ನ ಪ್ರಾರ್ಥನೆಯನ್ನು ನನ್ನ ಬೆನ್ನ ಹಿಂದೆ ಆಡಿಕೊಳ್ಳದೆ ನನ್ನ ಜೊತೆ ವ್ಯವಹಾರ ಮಾಡ್ತೀರಾ?’ ಇಬ್ಬರ ಬಾಯಲ್ಲೂ ಹೌದು ಬಂದರೆ ಸಾಕು, ವ್ಯವಹಾರ ಶುರು ಮಾಡಬಹುದು. ನಂಬಿಗಸ್ತ ಎಂಬ ಹೆಸರನ್ನು ಊರು ತನ್ನ ಕಾಲಕ್ಕೆ ತಾನೇ ಕೊಡುತ್ತದೆ.