ಗೋಲಿ ಸೋಡಾದ ಬಾಟಲಿ ಲೆಕ್ಕ

1342ರ ಸುಮಾರಿಗೆ ಗುಜರಾತಿನ ಕರಾವಳಿಯಿಂದ ಕಲ್ಲಿಕೋಟೆಗೆ ಹಡಗು ಹತ್ತಿದ ಪ್ರವಾಸಿ ಇಬ್ನ್ ಬತೂತ, ನಡುದಾರಿಯ ‘ಫಾಕನೂರ್’ ಎಂಬ ಊರಿನ ಕಬ್ಬನ್ನು ಹೊಗಳಿ ಬರೆದಿದ್ದಾನೆ. ಆ ಫಾಕನೂರೇ ನಮ್ಮ ಕರಾವಳಿಯ ಬಾರ್ಕೂರು ಎನ್ನುತ್ತಾರೆ ಇತಿಹಾಸಕಾರರು. ಕಬ್ಬಿನ ಈ ಸೀಮೆಯಲ್ಲಿ ಬಿಸಿಲಿನಿಂದ ಬಂದವರಿಗೆ ಆಸ್ರಿಗೆಂದು, ಅಂದರೆ ಬಾಯಾರಿಕೆಗೆಂದು, ಕೊಡುತ್ತಿದ್ದುದು ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು. ಸೋಡಾ ಆ ಸಾಲಿಗೆ ಸೇರಿದ್ದು ಬಹಳ ತಡವಾಗಿ, ಬಾಟಲಿಯ ಬೆನ್ನು ಹತ್ತಿ.

ನೀರಿಗೆ ಗ್ಯಾಸ್ ಬೆರೆಸುವ ಉಪಾಯವನ್ನು ಜೋಸೆಫ್ ಪ್ರೀಸ್ಟ್ಲಿ 1767ರಲ್ಲೇ ಕಂಡುಕೊಂಡಿದ್ದ. 1783ರಲ್ಲಿ ಜಿನೀವಾದ ಜೇಕಬ್ ಶ್ವೆಪ್ ಅದನ್ನು ವ್ಯಾಪಾರವಾಗಿಸಿದ. ಆದರೆ ಬಿರಡೆ ಒಣಗಿದರೆ ಗ್ಯಾಸೆಲ್ಲ ಸೋರಿಹೋಗುತ್ತಿತ್ತು. ಲಂಡನ್ನಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ ಬಾಟಲಿಗೆ ಬಿರಡೆಯೇ ಬೇಡವಾಯಿತು. ಕೊರಳೊಳಗೆ ಒಂದು ಗಾಜಿನ ಗೋಲಿ, ಬಾಯಿಯಲ್ಲಿ ಒಂದು ರಬ್ಬರ್ ಉಂಗುರ, ಅಷ್ಟೇ.

ಬಾಟಲಿಯನ್ನು ಮಿಷನ್ನಿಗೆ ಸಿಕ್ಕಿಸಿ, ಒತ್ತಡದಲ್ಲಿ ನೀರು, ಗ್ಯಾಸ್ ತುಂಬಿ ತಲೆಕೆಳಗಾಗಿ ತಿರುಗಿಸುತ್ತಾರೆ. ಗೋಲಿ ಜಾರಿ ಬಾಯಿಗೆ ಬೀಳುತ್ತದೆ. ಒಳಗಿನ ಗ್ಯಾಸೇ ಅದನ್ನು ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಕುಡಿಯುವಾಗ ಮರದ ಒತ್ತುಗುಂಡಿಯಿಂದಲೋ ಹೆಬ್ಬೆರಳಿನಿಂದಲೋ ಒಂದೇ ಸಲ ಅದುಮಿದರೆ ‘ಟಪ್’! ಗೋಲಿ ಕೊರಳಿಗಿಳಿಯುತ್ತದೆ. ಅಲ್ಲಿರುವ ಎರಡು ತಗ್ಗುಗಳನ್ನು ಕೆಳಮುಖ ಮಾಡಿ ಬಗ್ಗಿಸಿದರೆ ಗೋಲಿ ಅವುಗಳಿಗೆ ಸಿಕ್ಕಿ ನಿಲ್ಲುತ್ತದೆ. ಮೇಲ್ಮುಖ ಮಾಡಿದರೆ ಬಾಯಿಗೇ ಉರುಳಿ ಬಂದು ದಾರಿ ಕಟ್ಟುತ್ತದೆ.

ಒಳಗಿನ ಸೋಡಾಕ್ಕಿಂತ ಬಾಟಲಿ ದುಬಾರಿ. ಅದು ಹಿಂದಕ್ಕೆ ಬರಲೇಬೇಕು. ಹಾಗಾಗಿ ಗಿರಾಕಿ ಗೂಡಂಗಡಿಯೆದುರೇ ನಿಂತು ಕುಡಿದು, ಖಾಲಿ ಬಾಟಲಿ ಕೊಟ್ಟು ಹೋಗಬೇಕು. ಸೋಡಾ ದೂರದೂರಿಗೆ ಹೋಗದೆ ಅಲ್ಲಲ್ಲೇ ತಯಾರಾಗಿ ಅಲ್ಲಲ್ಲೇ ಖರ್ಚಾದದ್ದು ಇದೇ ಲೆಕ್ಕದಿಂದ. ಒಂದು ಕೋಣೆ, ಒಂದು ಸಿಲಿಂಡರ್, ಒಂದು ಮಿಷನ್ ಇದ್ದರೆ ಅದೇ ‘ಸೋಡಾ ಫ್ಯಾಕ್ಟರಿ’.

ನಿಂತು ಕುಡಿಯುವವನಿಗೆ ಅವನ ರುಚಿಗೆ ತಕ್ಕಂತೆ ಬೆರೆಸಿ ಕೊಡುವುದೂ ಸುಲಭವಾಯಿತು. ಊಟ ಭಾರವಾದವರಿಗೆ ಉಪ್ಪು, ಲಿಂಬೆ ಹಾಕಿದ ಸೋಡಾ. ಮಕ್ಕಳಿಗೆ ಸಕ್ಕರೆಯ ಸೋಡಾ ಶರಬತ್ತು. ಇನ್ನು ಕೆಲವರಿಗೆ ಶುಂಠಿ, ಜೀರಿಗೆ, ಪುನರ್ಪುಳಿ. ಕೈ ಪಳಗಿದ ಅಂಗಡಿಯವರು ಲಿಂಬೆ, ಉಪ್ಪನ್ನು ಮೊದಲು ಗ್ಲಾಸಿಗೆ ಹಾಕಿ, ಗ್ಲಾಸನ್ನು ಓರೆ ಮಾಡಿ ಸೋಡಾ ಹೊಯ್ಯುತ್ತಾರೆ. ತುಂಬಿದ ಗ್ಲಾಸಿಗೆ ಉಪ್ಪು ಬಿದ್ದರೆ ಹರಳು ಹರಳಿಗೂ ಗ್ಯಾಸ್ ಗುಳ್ಳೆ ಕಟ್ಟಿ, ಭುಸ್ಸೆಂದು ಉಕ್ಕಿ, ಅರ್ಧ ಸೋಡಾ ಮೇಜಿನ ಪಾಲು. ಮಂದಾರ್ತಿ ಜಾತ್ರೆ, ಕೋಟೇಶ್ವರದ ಕೊಡಿಹಬ್ಬ, ಕಂಬಳ, ಯಕ್ಷಗಾನದ ಬಯಲು ಎಲ್ಲೇ ಆಗಲಿ, ಚರ್ಮುರಿ ತಿಂದ ಬಾಯಿಗೆ ಸೋಡಾವೇ ಜೊತೆ.

ಗೋಲಿಗೆ ಮೊದಲ ಏಟು ಕೊಟ್ಟವರು ಮಕ್ಕಳು. ಆಟಕ್ಕೆ ಗೋಲಿ ಬೇಕೆಂದು ಬಾಟಲಿಯನ್ನೇ ಒಡೆದರು! ದೊಡ್ಡ ಏಟು ಬಿದ್ದದ್ದು ತಗಡಿನ ಮುಚ್ಚಳದ ಕಂಪನಿ ಪಾನೀಯಗಳಿಂದ. 1977ರಲ್ಲಿ ಕೋಕಾಕೋಲಾ ದೇಶ ಬಿಟ್ಟು ಥಮ್ಸ್ ಅಪ್ ಬಂತು. 1993ರಲ್ಲಿ ಕೋಕಾಕೋಲಾವೂ ಮರಳಿತು. ಆಮೇಲೆ ಪ್ಲಾಸ್ಟಿಕ್ ಬಾಟಲಿ ಬಂದು ಖಾಲಿ ಬಾಟಲಿ ಹಿಂದಿರುಗಿಸುವ ಗೊಡವೆಯೇ ತಪ್ಪಿತು. ಪುತ್ತೂರಿನ ಬಿಂದು ಜೀರಾ, ಗೂಡಂಗಡಿಯ ಜೀರಿಗೆ ರುಚಿಯನ್ನೇ ಅಂಥ ಬಾಟಲಿಯಲ್ಲಿ ತುಂಬಿ ಊರೂರಿಗೆ ಮುಟ್ಟಿಸಿತು.

ಈಗ ಜಾತ್ರೆಯಲ್ಲಿ ನಲ್ಲಿಗಳ ಸಾಲಿರುವ ಪೆಟ್ಟಿಗೆ ನಿಂತಿರುತ್ತದೆ. ಒಂದೊಂದು ನಲ್ಲಿಗೆ ಒಂದೊಂದು ರುಚಿ. ಅದಕ್ಕೂ ಜನ ಅನ್ನುವುದು ‘ಸೋಡಾ ಮಿಷನ್’ ಎಂದೇ. ದಿಲ್ಲಿಯಲ್ಲಿ ‘ಬಂಟಾ’, ಜಪಾನಿನಲ್ಲಿ ‘ರಾಮುನೆ’ ಆಗಿರುವ ಗೋಲಿ ಬಾಟಲಿ ಮಾತ್ರ ಹೊಸ ದಾರಿ ಹಿಡಿದಿದೆ. ‘ಗೋಲಿ ಪಾಪ್ ಸೋಡಾ’ ಎಂಬ ಹೆಸರಿನಲ್ಲಿ ಅದು ಅಮೆರಿಕ, ಬ್ರಿಟನ್, ಕೊಲ್ಲಿ ದೇಶಗಳಿಗೆ ರಫ್ತಾಗುತ್ತಿದೆ ಎಂದು 2025ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿತು. ಅಲ್ಲಿಗೆ ಹೋದ ಬಾಟಲಿಗಳನ್ನು ಯಾವ ಸೋಡಾ ಫ್ಯಾಕ್ಟರಿಯೂ ವಾಪಸ್ ಕೇಳುವುದಿಲ್ಲ.