ಗೋದಾಮಿಗೆ ಸ್ಕ್ಯಾನರ್ ಬಂದರೆ ಹಮಾಲರ ಹಕ್ಕು ಎಲ್ಲಿಗೆ ಹೋಗುತ್ತೆ?

ಬೆಳಗಾವಿಯ ಆಟೋ ನಗರದಂಥ ಜಾಗದಲ್ಲಿ ಹಳೇ ಪದ್ಧತಿಯ ಗೋದಾಮು ಅಂದರೆ ಒಬ್ಬ ಮುಕಾದಮ, ಒಂದು ಹಾಜರಿ ಪುಸ್ತಕ, ಲಾರಿ ಬಂದಾಗ ಸೇರುವ ಹಮಾಲರ ಗ್ಯಾಂಗು. ವೇರ್‌ಹೌಸ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಅನ್ನುವ ಸಾಫ್ಟ್‌ವೇರ್ ಬಂದರೆ ಮುಕಾದಮನ ಕೆಲಸವನ್ನು ಸ್ಕ್ಯಾನರ್ ಮಾಡುತ್ತೆ. ಯಾವ ರ‍್ಯಾಕಿನಿಂದ ಏನು ತೆಗೆಯಬೇಕು, ಗಂಟೆಗೆ ಎಷ್ಟು ಬಾಕ್ಸ್, ಯಾರು ಎಷ್ಟು ಹೊತ್ತು ಸುಮ್ಮನಿದ್ದರು, ಎಲ್ಲದರ ಲೆಕ್ಕವೂ ಅದರಲ್ಲಿ.

ಕಾನೂನು ಎಣಿಸುವುದು ಗಂಟೆಗಳನ್ನು, ಬಾಕ್ಸ್‌ಗಳನ್ನಲ್ಲ. ಸಮಸ್ಯೆ ಶುರುವಾಗುವುದೇ ಇಲ್ಲಿ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ವ್ಯಾಖ್ಯಾನದಲ್ಲಿ, ವ್ಯಾಪಾರಕ್ಕೆ ಬಳಸುವ ಗೋದಾಮೂ 'ಅಂಗಡಿ'ಯೇ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, 5 ಗಂಟೆ ದುಡಿದ ಮೇಲೆ ಒಂದು ಗಂಟೆ ಬಿಡುವು, ಓವರ್‌ಟೈಮ್‌ಗೆ ದುಪ್ಪಟ್ಟು ಕೂಲಿ. ಆದರೆ ಟಾರ್ಗೆಟ್ ಮುಟ್ಟಬೇಕಾದರೆ ನೀರಿಗೂ ಹೋಗಬಾರದು ಅನ್ನುವ ಸ್ಥಿತಿ ಇದ್ದರೆ? ಆ ಕಾಯ್ದೆಯಲ್ಲಿ ಟಾರ್ಗೆಟ್ ಎಂಬ ಮಾತೇ ಇಲ್ಲ.

ಇದು ಊಹೆಯ ಪ್ರಶ್ನೆಯಲ್ಲ. ಹರಿಯಾಣದ ಮಾನೇಸರ್‌ನ ಅಮೆಜಾನ್ ಗೋದಾಮಿನಲ್ಲಿ, ಆರು ಲಾರಿ ಖಾಲಿಯಾಗುವ ತನಕ ಶೌಚಾಲಯಕ್ಕಾಗಲಿ ನೀರಿಗಾಗಲಿ ಹೋಗಲ್ಲ ಎಂದು ಕಾರ್ಮಿಕರಿಂದ ಪ್ರತಿಜ್ಞೆ ಮಾಡಿಸಲಾಗಿತ್ತು ಎಂದು 2024ರಲ್ಲಿ ವರದಿಯಾಯಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ನೋಟಿಸ್ ಕೊಟ್ಟಿತು. ಇಂಥದ್ದಕ್ಕೆಂದೇ ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಒಂದು ಕಾನೂನಿದೆ: ದೊಡ್ಡ ಗೋದಾಮುಗಳು ಟಾರ್ಗೆಟ್ಟನ್ನು ಬರಹದಲ್ಲಿ ಕೊಡಬೇಕು, ಊಟ, ಬಿಡುವು, ಶೌಚಕ್ಕೆ ಅಡ್ಡಿಯಾಗುವ ಟಾರ್ಗೆಟ್ ಇಡುವಂತಿಲ್ಲ.

ನಮ್ಮಲ್ಲಿ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆ ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಿತ್ತುಕೊಳ್ಳುತ್ತೆ. ಹಿಂದಿನ ಕಾರ್ಖಾನೆ ಕಾಯ್ದೆಯಲ್ಲಿ ಕೋಲ್ಡ್ ಸ್ಟೋರೇಜ್ ಕಾರ್ಖಾನೆ ಎನಿಸಿಕೊಳ್ಳುತ್ತಿತ್ತು, ಬರೀ ದಾಸ್ತಾನಿನ ಗೋದಾಮು ಅಲ್ಲ. ಈಗ 10 ಜನ ದುಡಿಯುವ ಯಾವುದೇ ವ್ಯಾಪಾರ ಸಂಸ್ಥೆಗೂ ಸಂಹಿತೆ ಅನ್ವಯ, ನೇಮಕಾತಿ ಪತ್ರ ಕಡ್ಡಾಯ. ಇದು ಒಳ್ಳೇದು. ಆದರೆ ಗುತ್ತಿಗೆ ಕಾರ್ಮಿಕರ ರಕ್ಷಣೆಗೆ 1970ರ ಕಾಯ್ದೆಯಲ್ಲಿದ್ದ 20 ಜನರ ಮಿತಿ 50ಕ್ಕೆ ಏರಿದೆ. ಗುತ್ತಿಗೆದಾರನ ಕೈಕೆಳಗೆ 30 ಜನ ಇರುವ ಗೋದಾಮಿನಲ್ಲಿ ಅವನಿಗೆ ಲೈಸೆನ್ಸ್ ಬೇಕಿಲ್ಲ, ಅವರ ಸೌಲಭ್ಯಗಳಿಗೆ ಮೂಲ ಮಾಲೀಕನನ್ನೇ ಹೊಣೆ ಮಾಡುವ ಅಧ್ಯಾಯವೂ ಅನ್ವಯಿಸಲ್ಲ. ಚಿಕ್ಕ ಗೋದಾಮುಗಳೇ ಹೆಚ್ಚಿರುವ ಊರುಗಳಿಗೆ ಹೊಡೆತ ಬೀಳುವುದು ಇಲ್ಲೇ.

ಇನ್ನೊಂದು ವಿಚಿತ್ರ ನೋಡಿ. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ ಪ್ರಕಾರ, ತನ್ನ ರೇಟಿಂಗ್, ಗಳಿಕೆಯ ಮೇಲೆ ಪರಿಣಾಮ ಬೀರುವ ಸಿಸ್ಟಮ್ ಬಗ್ಗೆ ಆ್ಯಪ್ ಕಂಪನಿಯಿಂದ ಮಾಹಿತಿ ಪಡೆಯುವ ಹಕ್ಕು ಡೆಲಿವರಿ ಹುಡುಗನಿಗಿದೆ. ಅದೇ ಪಾರ್ಸೆಲನ್ನು ಒಳಗೆ ಎತ್ತಿಕೊಟ್ಟ ಹಮಾಲ ಗಿಗ್ ಕಾರ್ಮಿಕ ಅಲ್ಲ, ಅವನಿಗೆ ಆ ಹಕ್ಕಿಲ್ಲ. ಹೆದ್ದಾರಿಯಲ್ಲಿ ನಿಪ್ಪಾಣಿ ದಾಟಿದರೆ ಮಹಾರಾಷ್ಟ್ರ, ಅಲ್ಲಿ 1969ರಿಂದಲೇ ಮಾಥಾಡಿ ಕಾಯ್ದೆ ಇದೆ. ಹಮಾಲರ ನೋಂದಣಿ, ಕೂಲಿ, ಪಿಎಫ್ ಎಲ್ಲ ಮಂಡಳಿ ಮೂಲಕ. ನಮ್ಮಲ್ಲಿ ಅಂಥ ಮಂಡಳಿ ಇಲ್ಲ.

ಹಾಗಂತ ಸ್ಕ್ಯಾನರ್ ಬೇಡ ಅನ್ನಬೇಕಿಲ್ಲ. ಮುಕಾದಮನ ಪುಸ್ತಕದಲ್ಲಿ ತಿದ್ದಿದ್ದು ಯಾರಿಗೂ ಕಾಣ್ತಿರಲಿಲ್ಲ. ಸ್ಕ್ಯಾನರ್‌ನಲ್ಲಿ ಮೊದಲ ಬಾಕ್ಸ್ ಎತ್ತಿದ ನಿಮಿಷ, ಕೊನೇ ಬಾಕ್ಸ್ ಇಳಿಸಿದ ನಿಮಿಷ ಎರಡೂ ದಾಖಲಾಗುತ್ತೆ. ದುಪ್ಪಟ್ಟು ಕೂಲಿ ಕೇಳೋಕೆ ಇದಕ್ಕಿಂತ ಸಾಕ್ಷಿ ಬೇಕಾ? ಆ ದಾಖಲೆಯ ಪ್ರತಿ ಪ್ರತಿ ತಿಂಗಳು ಕೂಲಿ ಚೀಟಿ ಜೊತೆ ಕಾರ್ಮಿಕನ ಕೈಗೆ ಸಿಗಬೇಕು, ಬಿಡುವಿನ ಹೊತ್ತಲ್ಲಿ ಟಾರ್ಗೆಟ್ ಗಡಿಯಾರ ನಿಲ್ಲಬೇಕು. ಕಾರ್ಮಿಕ ಇಲಾಖೆ ಇದನ್ನು ರಾಜ್ಯದ ನಿಯಮಗಳಲ್ಲೇ ಬರೆಯಲಿ.